ಯಾರ ಪಾಲು ಎಷ್ಟು: ನಗರದ ನೀರು ಮತ್ತು ಒಳಚರಂಡಿ ಶುಲ್ಕದ ಲೆಕ್ಕ

ನೀರಿನ ದರ ಏರಿಸುವ ಪ್ರಸ್ತಾಪ ಬಂದಾಗಲೆಲ್ಲ ಸಾರ್ವಜನಿಕ ಸಭೆಗಳಲ್ಲಿ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ನೀರು ಪ್ರಕೃತಿ ಕೊಟ್ಟದ್ದು, ಅದಕ್ಕೆ ದುಡ್ಡು ಕೇಳುವುದೇ ತಪ್ಪು ಎಂಬುದು ಒಂದು ಮಾತು. ಬಳಸಿದಷ್ಟಕ್ಕೆ ಎಲ್ಲರೂ ಒಂದೇ ದರದಲ್ಲಿ ಕೊಡಲಿ, ಅದಕ್ಕಿಂತ ದೊಡ್ಡ ನ್ಯಾಯ ಯಾವುದಿದೆ ಎಂಬುದು ಇನ್ನೊಂದು. ಎರಡನ್ನೂ ನಾನು ಗೌರವದಿಂದಲೇ ಕೇಳಿದ್ದೇನೆ. ಆದರೆ ದರಪಟ್ಟಿಯನ್ನು ಸಿದ್ಧಪಡಿಸಲು ಕುಳಿತವರಿಗೆ ಈ ಎರಡರಲ್ಲಿ ಯಾವುದೂ ದಾರಿ ತೋರಿಸುವುದಿಲ್ಲ. ಮೊದಲನೆಯದು ನೀರಿಗೂ ನೀರನ್ನು ಮನೆಗೆ ಮುಟ್ಟಿಸುವ ವ್ಯವಸ್ಥೆಗೂ ಇರುವ ವ್ಯತ್ಯಾಸವನ್ನು ಮರೆಯುತ್ತದೆ. ಎರಡನೆಯದು ಒಂದು ಕಿಲೋಲೀಟರ್, ಅಂದರೆ ಸಾವಿರ ಲೀಟರ್, ನೀರು ಎಲ್ಲಿ, ಯಾವಾಗ, ಯಾರಿಗೆ ಕೊಟ್ಟರೂ ಅದರ ಖರ್ಚು ಒಂದೇ ಎಂದು ಭಾವಿಸುತ್ತದೆ.

ಈ ಉಪನ್ಯಾಸದಲ್ಲಿ ನಾನು ಹೇಳಬೇಕಾದದ್ದು ಮುಖ್ಯವಾಗಿ ಒಂದೇ ಸಂಗತಿ. ನ್ಯಾಯವಾದ ಶುಲ್ಕ ಬೇಕೆಂದರೆ ಎರಡು ಕೆಲಸಗಳು ಬೇರೆಬೇರೆಯಾಗಿ, ಒಂದರ ನಂತರ ಒಂದು ನಡೆಯಬೇಕು. ಯಾವ ಬಳಕೆದಾರನಿಂದ ವ್ಯವಸ್ಥೆಯ ಮೇಲೆ ಎಷ್ಟು ಖರ್ಚು ಬೀಳುತ್ತದೆ ಎಂಬ ಲೆಕ್ಕ ಮೊದಲು ಆಗಬೇಕು. ಯಾರ ಹೊರೆಯಲ್ಲಿ ಎಷ್ಟನ್ನು ಇನ್ಯಾರು ಹೊರಬೇಕು ಎಂಬ ತೀರ್ಮಾನ ಆಮೇಲೆ ಆಗಬೇಕು. ಮೊದಲನೆಯದು ಎಂಜಿನಿಯರುಗಳೂ ಲೆಕ್ಕಪತ್ರ ಬಲ್ಲವರೂ ಮಾಡುವ ಕೆಲಸ. ಎರಡನೆಯದು ಜನರು ಆರಿಸಿ ಕಳಿಸಿದವರು ಬಹಿರಂಗವಾಗಿ ಚರ್ಚಿಸಿ ಮಾಡಬೇಕಾದ ಕೆಲಸ. ಇವೆರಡನ್ನೂ ಒಂದೇ ದರಪಟ್ಟಿಯಲ್ಲಿ ಕಲಸಿಬಿಟ್ಟರೆ, ಯಾರಿಗೆ ರಿಯಾಯಿತಿ ಸಿಕ್ಕಿತು, ಯಾರ ಜೇಬಿನಿಂದ ಸಿಕ್ಕಿತು ಎಂಬುದು ಯಾರಿಗೂ ತಿಳಿಯದಂತಾಗುತ್ತದೆ. ನಾನು ನೋಡಿರುವ ಅನ್ಯಾಯಗಳಲ್ಲಿ ಹೆಚ್ಚಿನವು ದುರುದ್ದೇಶದಿಂದ ಆದವುಗಳಲ್ಲ, ಈ ಕಲಬೆರಕೆಯಿಂದ ಆದವು.

ಖರ್ಚಿನ ಸ್ವರೂಪದಿಂದಲೇ ಪ್ರಾರಂಭಿಸೋಣ. ಒಂದು ದಿನ ಊರಿನಲ್ಲಿ ಯಾರೂ ನಲ್ಲಿ ತಿರುಗಿಸಲಿಲ್ಲ ಎಂದಿಟ್ಟುಕೊಳ್ಳಿ. ಆ ದಿನ ನೀರು ಸರಬರಾಜು ಸಂಸ್ಥೆಗೆ ಉಳಿಯುವುದು ಏನು? ಪಂಪ್‌ಗಳು ಓಡದ ಕಾರಣ ವಿದ್ಯುತ್ತಿನ ಒಂದು ಭಾಗ, ಜೊತೆಗೆ ನೀರನ್ನು ಶುದ್ಧಗೊಳಿಸುವ ಕ್ಲೋರಿನ್ ಮತ್ತು ಆಲಂ, ಬಹುಮಟ್ಟಿಗೆ ಇಷ್ಟೇ. ಸಾಲದ ಕಂತು, ಸಿಬ್ಬಂದಿಯ ಸಂಬಳ, ನೆಲದಡಿಯ ಕೊಳವೆಗಳ ಸವಕಳಿ, ಓವರ್‌ಹೆಡ್ ಟ್ಯಾಂಕಿನ ನಿರ್ವಹಣೆ, ಪ್ರಯೋಗಾಲಯದ ಪರೀಕ್ಷೆ, ಇವೆಲ್ಲ ಎಂದಿನಂತೆ ನಡೆದೇ ಇರುತ್ತವೆ. ನೀರು ಸರಬರಾಜಿನ ಖರ್ಚಿನಲ್ಲಿ ಬಹುಪಾಲು ಬಳಕೆಯ ಜೊತೆ ಏರಿಳಿಯುವುದಿಲ್ಲ. ಆದರೆ ಆದಾಯದ ಬಹುಪಾಲು ಬರುವುದು ಬಳಕೆಯ ಮೇಲಿನ ಶುಲ್ಕದಿಂದ. ಹೀಗಾಗಿ ಬರಗಾಲದಲ್ಲಿ ಜನರು ಹೇಳಿದ ಮಾತು ಕೇಳಿ ನೀರು ಉಳಿಸಿದರೆ ಸಂಸ್ಥೆಯ ಆದಾಯ ಕುಸಿಯುತ್ತದೆ, ಮರುವರ್ಷ ದರ ಏರಿಸಬೇಕಾಗುತ್ತದೆ. ಉಳಿತಾಯ ಮಾಡಿದ್ದಕ್ಕೆ ನಮಗೆ ಶಿಕ್ಷೆಯೇ ಎಂದು ಜನ ಕೇಳುವುದು ಸಹಜ. ಆ ಪ್ರಶ್ನೆಗೆ ಉತ್ತರ ದರದ ರಚನೆಯಲ್ಲೇ ಮೊದಲೇ ಇರಬೇಕಿತ್ತು.

ಇನ್ನು ವ್ಯವಸ್ಥೆಯ ಗಾತ್ರವನ್ನು ನಿರ್ಧರಿಸುವುದು ಏನೆಂದು ನೋಡಬೇಕು. ಅದು ತಿಂಗಳ ಒಟ್ಟು ಬಳಕೆಯಲ್ಲ, ಅತಿ ಹೆಚ್ಚು ಬೇಡಿಕೆಯ ದಿನ ಮತ್ತು ಅತಿ ಹೆಚ್ಚು ಬೇಡಿಕೆಯ ಗಂಟೆ. ಶುದ್ಧೀಕರಣ ಘಟಕವನ್ನು ವರ್ಷದ ಅತಿ ಭಾರದ ದಿನಕ್ಕೆ ಸಾಲುವಂತೆ ಕಟ್ಟುತ್ತಾರೆ. ಬೀದಿಯ ಕೊಳವೆಗಳನ್ನೂ ಟ್ಯಾಂಕುಗಳನ್ನೂ ಅತಿ ಭಾರದ ಗಂಟೆಗೆ ಸಾಲುವಂತೆ ಹಾಕುತ್ತಾರೆ. ಎರಡು ಬಳಕೆದಾರರನ್ನು ಪಕ್ಕಪಕ್ಕದಲ್ಲಿಟ್ಟರೆ ಇದು ಸ್ಪಷ್ಟವಾಗುತ್ತದೆ. ಒಂದು ವಿದ್ಯಾರ್ಥಿನಿಲಯ ತಿಂಗಳಿಗೆ 300 ಕಿಲೋಲೀಟರ್ ಬಳಸುತ್ತದೆ. ದಿನಕ್ಕೆ ಸರಾಸರಿ 10, ಅತಿ ಹೆಚ್ಚಿನ ದಿನ 11. ಒಂದು ಕ್ರೀಡಾಂಗಣವೂ ತಿಂಗಳಿಗೆ 300 ಕಿಲೋಲೀಟರ್ ಬಳಸುತ್ತದೆ, ಆದರೆ ಹುಲ್ಲಿಗೆ ನೀರು ಹಾಯಿಸುವ ಹತ್ತು ದಿನಗಳಲ್ಲಿ ದಿನಕ್ಕೆ 30ರಂತೆ, ಉಳಿದ ದಿನ ಸೊನ್ನೆ. ಮೀಟರ್ ಓದುವವನ ಪುಸ್ತಕದಲ್ಲಿ ಇಬ್ಬರ ಅಂಕಿಯೂ ಒಂದೇ. ಆದರೆ ಸರಾಸರಿಗಿಂತ ಮೇಲಿನ ಸಾಮರ್ಥ್ಯವನ್ನು ವಿದ್ಯಾರ್ಥಿನಿಲಯ ಕೇಳುವುದು ದಿನಕ್ಕೆ 1 ಕಿಲೋಲೀಟರ್‌ನಷ್ಟು. ಕ್ರೀಡಾಂಗಣ ಕೇಳುವುದು 20ರಷ್ಟು. ಆ ಹೆಚ್ಚುವರಿ ಸಾಮರ್ಥ್ಯವನ್ನು ಯಾರೋ ಸಾಲ ಮಾಡಿ ಕಟ್ಟಿದ್ದಾರೆ, ಯಾರೋ ಬಡ್ಡಿ ತೆರುತ್ತಿದ್ದಾರೆ. ಇಬ್ಬರಿಗೂ ಒಂದೇ ದರ ಹಾಕಿದರೆ ಕ್ರೀಡಾಂಗಣದ ಬಡ್ಡಿಯ ಒಂದು ಭಾಗವನ್ನು ವಿದ್ಯಾರ್ಥಿಗಳು ಕಟ್ಟಿದಂತಾಗುತ್ತದೆ.

ಮೂಲ ಬೇಡಿಕೆಯ ಖರ್ಚನ್ನೂ ಹೆಚ್ಚುವರಿ ಸಾಮರ್ಥ್ಯದ ಖರ್ಚನ್ನೂ ಹೀಗೆ ಬೇರ್ಪಡಿಸಿ, ಗ್ರಾಹಕ ವರ್ಗಗಳಿಗೆ ಹಂಚುವ ವಿಧಾನವನ್ನು ಅಮೆರಿಕದ ಜಲಸಂಸ್ಥೆಗಳು ಬಹುಕಾಲದಿಂದ ಬಳಸುತ್ತಿವೆ. ಬಿಲ್ ತಯಾರಿಕೆ, ಮೀಟರ್ ಓದುವುದು, ದೂರು ಆಲಿಸುವುದು ಮುಂತಾದ ಖರ್ಚು ಸಂಪರ್ಕಗಳ ಸಂಖ್ಯೆಯನ್ನು ಅವಲಂಬಿಸುವುದರಿಂದ ಅದನ್ನು ಮೂರನೆಯ ಲೆಕ್ಕದಲ್ಲಿಡುತ್ತಾರೆ. ಬೆಂಕಿ ನಂದಿಸುವುದಕ್ಕೆ ಬೇಕಾದ ಸಾಮರ್ಥ್ಯ ನಾಲ್ಕನೆಯದು. ಈ ಕೊನೆಯದರ ಬಗ್ಗೆ ಒಂದು ಮಾತು: ಬೆಂಕಿಗೆ ಬಳಕೆಯಾಗುವ ನೀರು ವರ್ಷದ ಲೆಕ್ಕದಲ್ಲಿ ಅತ್ಯಲ್ಪ, ಆದರೆ ಅದು ಬೇಕಾದ ಕ್ಷಣದಲ್ಲಿ ಬೇಕಾದ ಒತ್ತಡದಲ್ಲಿ ಸಿಗಬೇಕೆಂದೇ ಅನೇಕ ಬೀದಿಗಳ ಕೊಳವೆ ದೊಡ್ಡದಾಗಿರುತ್ತದೆ. ಬೀಗ ಹಾಕಿದ ಗೋದಾಮಿನ ಮೀಟರ್ ತಿರುಗದಿದ್ದರೂ ಆ ರಕ್ಷಣೆ ಅದಕ್ಕೂ ಇದೆ. ಆದ್ದರಿಂದ ಈ ಖರ್ಚನ್ನು ನೀರಿನ ಬಿಲ್ಲಿಗಿಂತ ಆಸ್ತಿಯ ಆಧಾರದ ಮೇಲೆ ವಸೂಲು ಮಾಡುವುದೇ ಸರಿ ಎಂದು ನನ್ನ ಅಭಿಪ್ರಾಯ.

ನಿಗದಿತ ಮಾಸಿಕ ಶುಲ್ಕ ಎಷ್ಟಿರಬೇಕು ಎಂಬುದು ಬಹಳ ಇಕ್ಕಟ್ಟಿನ ಪ್ರಶ್ನೆ. ಖರ್ಚಿನ ಬಹುಪಾಲು ಸ್ಥಿರವೆಂದು ಬಿಲ್ಲಿನ ಬಹುಪಾಲನ್ನೂ ಸ್ಥಿರ ಮಾಡಿದರೆ, ಎರಡು ಬಕೆಟ್ ನೀರಿನಲ್ಲಿ ದಿನ ಕಳೆಯುವ ಒಂಟಿ ವೃದ್ಧೆಯೂ ಈಜುಕೊಳವಿರುವ ಮನೆಯೂ ಹೆಚ್ಚುಕಡಿಮೆ ಒಂದೇ ಮೊತ್ತ ಕಟ್ಟಬೇಕಾಗುತ್ತದೆ. ತೀರಾ ಕಡಿಮೆ ಮಾಡಿದರೆ ಸಂಸ್ಥೆ ಮಳೆ ನೋಡಿ ಸಂಬಳ ಕೊಡಬೇಕಾಗುತ್ತದೆ. ನಡುವಿನ ದಾರಿಯೆಂದರೆ ನಿಗದಿತ ಶುಲ್ಕವನ್ನು ಸಂಪರ್ಕದ ಗಾತ್ರಕ್ಕೆ ತಕ್ಕಂತೆ ಏರಿಸುವುದು. ಕೊಳವೆಯ ವ್ಯಾಸ 20 ಮಿಲಿಮೀಟರಿನಿಂದ 40ಕ್ಕೆ ಏರಿದರೆ ಅದರ ಬಾಯಿಯ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ಹರಿಸಬಲ್ಲ ನೀರು ಅದಕ್ಕಿಂತಲೂ ಹೆಚ್ಚಬಹುದು. ವ್ಯಾಸ ಎರಡು ಪಟ್ಟಾಯಿತೆಂದು ಶುಲ್ಕವನ್ನೂ ಎರಡು ಪಟ್ಟು ಮಾಡಿ ಸುಮ್ಮನಾಗುವುದು ಕಂಡುಬರುತ್ತದೆ. ಸಣ್ಣದಾಗಿ ಕಾಣುವ ಈ ತಪ್ಪು ದೊಡ್ಡ ಗ್ರಾಹಕರಿಗೆ ವರ್ಷವರ್ಷವೂ ಸದ್ದಿಲ್ಲದೆ ಲಾಭ ಮಾಡಿಕೊಡುತ್ತದೆ.

ಈಗ ಸ್ಲ್ಯಾಬ್ ದರದ ವಿಷಯಕ್ಕೆ ಬರುತ್ತೇನೆ. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕೆಂದು ಉದ್ದೇಶಪೂರ್ವಕವಾಗಿಯೇ ತೀರ್ಮಾನಿಸಿದ್ದೇನೆ, ಏಕೆಂದರೆ ಬಡವರ ಹೆಸರಿನಲ್ಲಿ ಜಗತ್ತಿನ ಅನೇಕ ನಗರಗಳು ಅನುಸರಿಸುವುದು ಇದನ್ನೇ. ಮೊದಲ ಕೆಲವು ಕಿಲೋಲೀಟರಿಗೆ ಕಡಿಮೆ ದರ, ಮುಂದಿನದಕ್ಕೆ ಹೆಚ್ಚು, ಅದರ ಮುಂದಿನದಕ್ಕೆ ಇನ್ನೂ ಹೆಚ್ಚು. ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಬೇಕಾದಷ್ಟು ಅಗ್ಗವಾಗಿ ಸಿಗಲಿ, ಐಷಾರಾಮದ ಬಳಕೆ ದುಬಾರಿಯಾಗಲಿ ಎಂಬ ಆಶಯ ಒಳ್ಳೆಯದೇ. ಆದರೆ ಮೀಟರಿಗೆ ಎಣಿಸಲು ಬರುವುದು ಲೀಟರುಗಳನ್ನು, ಜನರನ್ನಲ್ಲ. ಮೊದಲ 10 ಕಿಲೋಲೀಟರಿಗೆ ದರ 1, ಮುಂದಿನ 10ಕ್ಕೆ 2, ಆಮೇಲಿನದಕ್ಕೆ 4 ಎಂದು ಇಟ್ಟುಕೊಳ್ಳಿ. ಸ್ವಂತ ಮೀಟರಿರುವ ಒಂದು ಕುಟುಂಬ 10 ಕಿಲೋಲೀಟರ್ ಬಳಸಿದರೆ ಬಿಲ್ 10. ವಠಾರದಂಥ ಕಟ್ಟಡದಲ್ಲಿ ಮೂರು ಕುಟುಂಬಗಳು ಒಂದೇ ಸಂಪರ್ಕವನ್ನು ಹಂಚಿಕೊಂಡು ತಲಾ 10ರಂತೆ 30 ಬಳಸಿದರೆ ಬಿಲ್ 10, 20 ಮತ್ತು 40 ಸೇರಿ 70. ಒಂದೊಂದು ಕುಟುಂಬದ ಪಾಲು 23ಕ್ಕಿಂತ ಹೆಚ್ಚು. ಅಷ್ಟೇ ನೀರು ಬಳಸಿ ಎರಡು ಪಟ್ಟಿಗಿಂತ ಹೆಚ್ಚು ಹಣ ತೆತ್ತವರು ಬಾಡಿಗೆಯ ಇಕ್ಕಟ್ಟು ಕೋಣೆಗಳಲ್ಲಿ ಇರುವವರು. ಇಂಥ ಒಂದು ಕಟ್ಟಡದ ಮೀಟರ್ ಗುಂಡಿಯ ಮುಚ್ಚಳ ತೆಗೆದು, ಒದ್ದೆ ಮಣ್ಣನ್ನು ಕೈಯಿಂದ ಒರೆಸಿ, ಗಾಜಿನೊಳಗಿನ ಅಂಕಿಯನ್ನು ಬರೆದುಕೊಂಡವರ ಜೊತೆ ನಾನು ನಿಂತಿದ್ದೇನೆ. ಆ ಅಂಕಿ ಎಷ್ಟು ಜನರದ್ದು ಎಂದು ಬರೆಯಲು ಅವರ ಪುಸ್ತಕದಲ್ಲಿ ಒಂದು ಕಾಲಮೂ ಇರಲಿಲ್ಲ.

ದಕ್ಷಿಣ ಆಫ್ರಿಕಾದ ಅನುಭವ ಇಲ್ಲಿ ಪಾಠವಾಗಬಲ್ಲದು. ಅಲ್ಲಿನ ಸರ್ಕಾರ 2001ರಲ್ಲಿ ಪ್ರತಿ ಮನೆಗೆ ತಿಂಗಳಿಗೆ 6 ಕಿಲೋಲೀಟರ್ ನೀರನ್ನು ಉಚಿತವಾಗಿ ಕೊಡುವ ನೀತಿಯನ್ನು ತಂದಿತು. ಎಂಟು ಜನರ ಕುಟುಂಬ, ತಲೆಗೆ ದಿನಕ್ಕೆ 25 ಲೀಟರ್, ಮೂವತ್ತು ದಿನ, ಹೀಗೆ ಗುಣಿಸಿ ಬಂದ ಅಂಕಿ ಅದು. ಆದರೆ ಜೋಹಾನ್ಸ್‌ಬರ್ಗಿನ ಸೊವೆಟೊದಲ್ಲಿರುವ ಫಿರಿ ಎಂಬಲ್ಲಿ ಒಂದೊಂದು ನಿವೇಶನದಲ್ಲಿ ಮುಖ್ಯ ಮನೆಯ ಜೊತೆಗೆ ಹಿತ್ತಲಿನ ಗುಡಿಸಲುಗಳಲ್ಲೂ ಜನರಿದ್ದರು, ಎಲ್ಲರಿಗೂ ಸೇರಿ ಸಂಪರ್ಕ ಒಂದೇ. ಇಷ್ಟು ನೀರು ಸಾಲದೆಂದು ಅಲ್ಲಿನ ನಿವಾಸಿಗಳು ಹೂಡಿದ ಪ್ರಕರಣ ಸಾಂವಿಧಾನಿಕ ನ್ಯಾಯಾಲಯದವರೆಗೆ ಹೋಯಿತು. ತಲೆಗೆ ದಿನಕ್ಕೆ 50 ಲೀಟರ್ ಕೊಡಬೇಕೆಂಬ ಅರ್ಜಿದಾರರ ಕೋರಿಕೆಯನ್ನು ನ್ಯಾಯಾಲಯ 2009ರಲ್ಲಿ ಒಪ್ಪಲಿಲ್ಲ; ನಗರದ ನೀತಿ ಸಮಂಜಸವೇ ಎಂದು ಹೇಳಿತು. ತೀರ್ಪಿನ ಸರಿತಪ್ಪು ಬೇರೆ ಚರ್ಚೆ. ನಮಗೆ ಮುಖ್ಯವಾದದ್ದು, ಮನೆ ಎಂಬ ಅಳತೆಗೋಲು ಎಲ್ಲಿ ಬಿರುಕು ಬಿಡುತ್ತದೆ ಎಂಬುದು. ಇಷ್ಟಾಗಿ, ನಲ್ಲಿ ಸಂಪರ್ಕವೇ ಇಲ್ಲದೆ ಟ್ಯಾಂಕರಿನಿಂದಲೋ ಕೊಡದ ಲೆಕ್ಕದಲ್ಲೋ ಕೊಳ್ಳುವವರಿಗೆ ಯಾವ ಸ್ಲ್ಯಾಬಿನ ರಿಯಾಯಿತಿಯೂ ಮುಟ್ಟುವುದಿಲ್ಲ. ಅತಿ ಬಡವರಿಗೆ ದರ ಇಳಿಸುವುದಕ್ಕಿಂತ ಮೊದಲು ಬೇಕಾದದ್ದು ಸಂಪರ್ಕದ ಠೇವಣಿ ಮತ್ತು ರಸ್ತೆ ಅಗೆತದ ಶುಲ್ಕವನ್ನು ಕಂತುಗಳಲ್ಲಿ ಕಟ್ಟುವ ಅವಕಾಶ ಎಂದು ನಾನು ಬಹಳ ಹಿಂದೆಯೇ ಮನಗಂಡಿದ್ದೇನೆ.

ಹಾಗಾದರೆ ಬಡವರ ಹೊರೆ ಇಳಿಸುವುದು ಹೇಗೆ? ಕೊಲಂಬಿಯ ದೇಶ 1994ರ ಕಾನೂನಿನ ಮೂಲಕ ವಸತಿಗಳನ್ನು ಆರು ಸ್ತರಗಳಾಗಿ ವಿಂಗಡಿಸಿ, ಮೇಲಿನ ಸ್ತರಗಳೂ ವಾಣಿಜ್ಯ ಬಳಕೆದಾರರೂ ಹೆಚ್ಚುವರಿ ತೆತ್ತು ಕೆಳಗಿನ ಸ್ತರಗಳಿಗೆ ನೆರವಾಗುವಂತೆ ಮಾಡಿತು. ಗೋಡೆ ಮತ್ತು ಬೀದಿ ನೋಡಿ ಮಾಡಿದ ವಿಂಗಡಣೆಯಾದ್ದರಿಂದ, ಒಳ್ಳೆಯ ಬೀದಿಯಲ್ಲಿರುವ ಕೆಲಸ ಕಳೆದುಕೊಂಡವನೂ ಸಾಧಾರಣ ಬೀದಿಯಲ್ಲಿರುವ ಅನುಕೂಲಸ್ಥನೂ ತಪ್ಪು ಕಡೆ ಬೀಳುತ್ತಾರೆ. ಚಿಲಿ ದೇಶ 1989ರಿಂದ ಬೇರೆ ದಾರಿ ಹಿಡಿಯಿತು: ದರ ಎಲ್ಲರಿಗೂ ಖರ್ಚಿಗೆ ತಕ್ಕಂತೆ, ಆರ್ಥಿಕ ಸ್ಥಿತಿಯ ಪರಿಶೀಲನೆಯ ನಂತರ ಅರ್ಹ ಕುಟುಂಬದ ಬಿಲ್ಲಿನ ಒಂದು ಭಾಗವನ್ನು, ನಿರ್ದಿಷ್ಟ ಬಳಕೆಯ ಮಿತಿಯವರೆಗೆ, ಸರ್ಕಾರವೇ ಭರಿಸುತ್ತದೆ. ಅಮೆರಿಕದ ಫಿಲಡೆಲ್ಫಿಯಾ ನಗರ 2017ರಲ್ಲಿ ಕಡಿಮೆ ಆದಾಯದವರ ಬಿಲ್ಲನ್ನು ಅವರ ಆದಾಯದ ಒಂದು ಪಾಲಾಗಿ ನಿಗದಿಪಡಿಸುವ ಯೋಜನೆ ತಂದಿತು. ಚಿಲಿ ಮತ್ತು ಫಿಲಡೆಲ್ಫಿಯಾದ ಈ ಎರಡು ಮಾದರಿಗಳಲ್ಲಿ ನನಗೆ ಮೆಚ್ಚುಗೆಯಾಗುವುದು ನೆರವು ಯಾರಿಗೆ ಎಷ್ಟು ಹೋಯಿತು ಎಂಬುದು ಕಾಗದದ ಮೇಲೆ ಕಾಣುವುದು. ಆದರೆ ಅರ್ಜಿ, ದಾಖಲೆ, ಪರಿಶೀಲನೆಯ ದಾರಿಯಲ್ಲಿ ಅರ್ಹರೇ ಹಿಂದುಳಿಯುವ ಅಪಾಯ ಇದ್ದೇ ಇದೆ. ಕಚೇರಿಯ ಸಾಲಿನಲ್ಲಿ ನಿಲ್ಲಲು ಒಂದು ದಿನದ ಕೂಲಿ ಬಿಡಬೇಕಾದವರು ಬಹಳ ಜನ. ಬೇರೆ ಯಾವುದಾದರೂ ಯೋಜನೆಯಲ್ಲಿ ಈಗಾಗಲೇ ಅರ್ಹರೆಂದು ಗುರುತಿಸಲ್ಪಟ್ಟವರಿಗೆ ಮತ್ತೊಮ್ಮೆ ಅರ್ಜಿ ಕೇಳದೆ ನೆರವು ಕೊಡುವುದು ಸಾಧ್ಯವಿರುವ ಕಡೆ ಹಾಗೆಯೇ ಮಾಡಬೇಕು.

ಸ್ಲ್ಯಾಬ್ ದರವನ್ನು ಪೂರ್ತಿ ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಕ್ಯಾಲಿಫೋರ್ನಿಯಾದ ಮತದಾರರು 1996ರಲ್ಲಿ ಒಪ್ಪಿದ ರಾಜ್ಯ ಸಂವಿಧಾನದ ತಿದ್ದುಪಡಿಯ ಪ್ರಕಾರ, ಯಾರಿಂದಲೂ ಸೇವೆಯ ವೆಚ್ಚಕ್ಕಿಂತ ಹೆಚ್ಚು ಶುಲ್ಕ ಪಡೆಯುವಂತಿಲ್ಲ. ಸ್ಯಾನ್ ವಾನ್ ಕ್ಯಾಪಿಸ್ಟ್ರಾನೊ ನಗರದ ಸ್ಲ್ಯಾಬ್ ದರವನ್ನು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2015ರಲ್ಲಿ ಇದೇ ಆಧಾರದ ಮೇಲೆ ತಳ್ಳಿಹಾಕಿತು. ಸ್ಲ್ಯಾಬ್ ಇರಬಾರದು ಎಂದು ನ್ಯಾಯಾಲಯ ಹೇಳಲಿಲ್ಲ. ಮೇಲಿನ ಸ್ಲ್ಯಾಬಿನ ದರ ಆ ಮಟ್ಟದ ನೀರನ್ನು ಕೊಡುವ ನಿಜವಾದ ಖರ್ಚಿಗೆ ಹೊಂದುತ್ತದೆ ಎಂದು ನಗರ ತೋರಿಸಿಕೊಡಲಿಲ್ಲ ಎಂದಿತು. ಈ ಕೇಳಿಕೆ ನ್ಯಾಯವಾದದ್ದೇ. ಎತ್ತರಕ್ಕೆ ಪಂಪ್ ಮಾಡಿ ತಂದ ನೀರು, ದೂರದಿಂದ ಕೊಂಡುತಂದ ನೀರು, ಉಪ್ಪು ತೆಗೆದು ಸಿಹಿಮಾಡಿದ ನೀರು ನಿಜಕ್ಕೂ ದುಬಾರಿ. ಮೇಲಿನ ಸ್ಲ್ಯಾಬಿಗೆ ಆ ದರ ಹಾಕಲು ಲೆಕ್ಕದ ಆಧಾರವಿದೆ. ಅಂಕಿಯನ್ನು ದುಂಡಗೆ ಮಾಡಿ ಅಂದಾಜಿನ ಮೇಲೆ ಹಾಕಿದ್ದಕ್ಕೆ ಆಧಾರವಿಲ್ಲ.

ಅಂಗಡಿ, ಕಾರ್ಖಾನೆ, ಹೋಟೆಲುಗಳಿಗೆ ಮನೆಗಳಿಗಿಂತ ಎಷ್ಟು ಹೆಚ್ಚು ದರ ಹಾಕಬಹುದು ಎಂಬುದಕ್ಕೂ ಒಂದು ಮಿತಿಯಿದೆ. ಅಡ್ಡ ಸಬ್ಸಿಡಿ, ಅಂದರೆ ಒಂದು ವರ್ಗದಿಂದ ಹೆಚ್ಚು ಪಡೆದು ಇನ್ನೊಂದರ ಹೊರೆ ಇಳಿಸುವುದು, ಒಂದು ಹಂತ ದಾಟಿದರೆ ದೊಡ್ಡ ಬಳಕೆದಾರರು ಸ್ವಂತ ಕೊಳವೆಬಾವಿ ಕೊರೆದುಕೊಂಡು ನಗರದ ನೀರನ್ನು ಬಿಡುತ್ತಾರೆ. ಅವರು ಹೋದರೂ ಸ್ಥಿರ ಖರ್ಚು ಹೋಗುವುದಿಲ್ಲ. ಉಳಿದವರ ಮೇಲೆ ಬೀಳುತ್ತದೆ, ಅದರಿಂದ ದರ ಏರುತ್ತದೆ, ಇನ್ನಷ್ಟು ಜನ ಹೊರಹೋಗುತ್ತಾರೆ. ಆದರೆ ಅವರ ಕೊಳಚೆ ನೀರು ಮಾತ್ರ ಮೊದಲಿನಂತೆಯೇ ನಗರದ ಮ್ಯಾನ್‌ಹೋಲಿಗೇ ಬರುತ್ತಿರುತ್ತದೆ.

ಇದು ನಮ್ಮನ್ನು ಒಳಚರಂಡಿಗೆ ತರುತ್ತದೆ. ನೀರಿನ ಬಿಲ್ಲಿನ ಇಂತಿಷ್ಟು ಶೇಕಡಾ ಎಂದು ಒಳಚರಂಡಿ ಶುಲ್ಕ ಹಾಕುವ ಪದ್ಧತಿ ಸುಲಭ, ಆದ್ದರಿಂದಲೇ ವ್ಯಾಪಕ. ಆದರೆ ಕೊಳವೆಬಾವಿಯ ಕಟ್ಟಡದ ನೀರಿನ ಬಿಲ್ ಸೊನ್ನೆಯಾದ್ದರಿಂದ ಅದರ ಒಳಚರಂಡಿ ಶುಲ್ಕವೂ ಸೊನ್ನೆಯಾಗುತ್ತದೆ. ಇನ್ನೊಂದು ತುದಿಯಲ್ಲಿ, ತೋಟಕ್ಕೆ ಹಾಯಿಸಿದ ನೀರು ಮಣ್ಣಿಗೆ ಇಂಗುತ್ತದೆ, ಪಾನೀಯ ತಯಾರಿಸುವ ಕಾರ್ಖಾನೆಯ ನೀರು ಬಾಟಲಿಯಲ್ಲಿ ಊರು ಬಿಡುತ್ತದೆ. ಚರಂಡಿಗೆ ಬಾರದ ನೀರಿಗೂ ಅವರು ಚರಂಡಿ ಶುಲ್ಕ ತೆರುತ್ತಾರೆ. ಅಮೆರಿಕದ ಹಲವು ನಗರಗಳು ತೋಟಕ್ಕೆ ನೀರು ಬೇಡದ ಚಳಿಗಾಲದ ತಿಂಗಳುಗಳ ಸರಾಸರಿ ಬಳಕೆಯನ್ನು ಹಿಡಿದು ವರ್ಷವಿಡೀ ಮನೆಗಳ ಒಳಚರಂಡಿ ಶುಲ್ಕವನ್ನು ಲೆಕ್ಕ ಹಾಕುತ್ತವೆ. ಸರಳವಾದ, ಜಾಣ ಉಪಾಯ. ಕೊಳವೆಬಾವಿಗಳಿಗಾದರೆ ಮೀಟರ್ ಹಾಕದೆ ಬೇರೆ ದಾರಿಯಿಲ್ಲ.

ಪ್ರಮಾಣದಷ್ಟೇ ಮುಖ್ಯವಾದದ್ದು ಕೊಳಚೆಯ ಸಾಂದ್ರತೆ. ಕೊಳಚೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆಗೆ ಜೈವಿಕ ಆಮ್ಲಜನಕ ಬೇಡಿಕೆ ಎನ್ನುತ್ತಾರೆ. ಮನೆಗಳ ಕೊಳಚೆ ನೀರಿನಲ್ಲಿ ಇದು ಸಾಮಾನ್ಯವಾಗಿ ಲೀಟರಿಗೆ 200ರಿಂದ 300 ಮಿಲಿಗ್ರಾಂ ಆಸುಪಾಸಿನಲ್ಲಿರುತ್ತದೆ. ಹಾಲಿನ ಡೇರಿಯ ಅಥವಾ ಮದ್ಯ ತಯಾರಿಕಾ ಘಟಕದ ನೀರಿನಲ್ಲಿ ಇದು ಹಲವು ಪಟ್ಟು. ಸಂಸ್ಕರಣಾ ಘಟಕದಲ್ಲಿ ವಿದ್ಯುತ್ ತಿನ್ನುವುದು ಮುಖ್ಯವಾಗಿ ಗಾಳಿ ಊದುವ ಬ್ಲೋವರುಗಳು. ಎಷ್ಟು ಗಾಳಿ ಬೇಕೆಂಬುದನ್ನು ನಿರ್ಧರಿಸುವುದು ಈ ಬೇಡಿಕೆಯೇ. ಬ್ರಿಟನ್ನಿನಲ್ಲಿ ಕೈಗಾರಿಕೆಗಳಿಗೆ ಶುಲ್ಕ ಹಾಕಲು ಮಾಗ್ಡೆನ್ ಸೂತ್ರ ಎಂಬುದನ್ನು ಬಳಸುತ್ತಾರೆ. ಪಶ್ಚಿಮ ಲಂಡನ್ನಿನ ಸಂಸ್ಕರಣಾ ಘಟಕದಿಂದ ಅದಕ್ಕೆ ಆ ಹೆಸರು. ಕೊಳಚೆಯನ್ನು ಒಯ್ಯುವ ಖರ್ಚು, ಪ್ರಾಥಮಿಕ ಸಂಸ್ಕರಣೆಯ ಖರ್ಚು, ಜೈವಿಕ ಸಂಸ್ಕರಣೆಯ ಖರ್ಚು, ರಾಡಿ ವಿಲೇವಾರಿಯ ಖರ್ಚು ಅದರಲ್ಲಿ ಬೇರೆಬೇರೆ ಇರುತ್ತವೆ. ಕೊನೆಯ ಎರಡನ್ನು ಆ ಕಾರ್ಖಾನೆಯ ಕೊಳಚೆ ಸರಾಸರಿ ಕೊಳಚೆಗಿಂತ ಎಷ್ಟು ಪಟ್ಟು ಗಾಢವಾಗಿದೆ ಎಂಬುದರಿಂದ ಗುಣಿಸುತ್ತಾರೆ. ಇದರ ಸೊಗಸೆಂದರೆ, ಕಾರ್ಖಾನೆ ತನ್ನ ಆವರಣದಲ್ಲೇ ಒಂದು ತೊಟ್ಟಿ ಕಟ್ಟಿ ಕೊಳಚೆಯನ್ನು ತಿಳಿಗೊಳಿಸಿದರೆ ಮುಂದಿನ ಬಿಲ್ಲಿನಲ್ಲೇ ಫಲ ಕಾಣುತ್ತದೆ.

ಮಳೆನೀರಿನ ಖರ್ಚು ಇನ್ನೂ ಸೂಕ್ಷ್ಮವಾಗಿ ಅಡಗಿ ಕುಳಿತಿರುತ್ತದೆ. ದೊಡ್ಡ ಪಾರ್ಕಿಂಗ್ ಅಂಗಳದ ಮಳಿಗೆಯೊಂದು ನೀರು ಬಳಸುವುದು ಎರಡು ಶೌಚಾಲಯಗಳಿಗಷ್ಟೇ ಇರಬಹುದು, ಆದರೆ ಜೋರು ಮಳೆಯಲ್ಲಿ ಅದರ ಕಾಂಕ್ರೀಟಿನಿಂದ ಹರಿದ ನೀರು ಚರಂಡಿಯನ್ನು ಉಕ್ಕಿಸುತ್ತದೆ. ಬಹುಮಹಡಿ ಕಟ್ಟಡದಲ್ಲಿರುವ ನೂರು ಕುಟುಂಬಗಳು ನೀರು ಹೆಚ್ಚು ಬಳಸಿದರೂ ಅವರೆಲ್ಲರ ತಲೆಯ ಮೇಲಿರುವುದು ಒಂದೇ ಚಾವಣಿ. ಮಳೆನೀರಿನ ಖರ್ಚನ್ನೂ ನೀರಿನ ಮೀಟರಿನ ಮೇಲೆಯೇ ಹಾಕಿದರೆ ಈ ಕುಟುಂಬಗಳು ಆ ಅಂಗಳದ ಖರ್ಚು ಕಟ್ಟುತ್ತವೆ. ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಉಚ್ಚ ಆಡಳಿತ ನ್ಯಾಯಾಲಯ 2010ರಲ್ಲಿ ಈ ಒಟ್ಟು ಶುಲ್ಕವನ್ನು ಒಪ್ಪದೆ, ಕೊಳಚೆ ನೀರಿಗೂ ಮಳೆನೀರಿಗೂ ಪ್ರತ್ಯೇಕ ಶುಲ್ಕ ಬೇಕೆಂದಿತು. ಅದೇ ವರ್ಷ ಫಿಲಡೆಲ್ಫಿಯಾ ನಗರ ವಸತಿಯೇತರ ಆಸ್ತಿಗಳಿಗೆ ನೀರು ಇಂಗದ ನೆಲದ ವಿಸ್ತೀರ್ಣವನ್ನು ಆಧರಿಸಿದ ಶುಲ್ಕವನ್ನು ಹಂತಹಂತವಾಗಿ ಜಾರಿಗೆ ತರಲು ಆರಂಭಿಸಿತು.

ಕಾಲದ ದೃಷ್ಟಿಯಿಂದಲೂ ನ್ಯಾಯ ನೋಡಬೇಕಾಗುತ್ತದೆ. ಬೊಲಿವಿಯಾದ ಕೊಚಬಾಂಬಾದಲ್ಲಿ 2000ದ ಆರಂಭದಲ್ಲಿ ನೀರಿನ ದರ ಹಠಾತ್ತನೆ ಏರಿತು. ಕೆಲವರ ಬಿಲ್ ದುಪ್ಪಟ್ಟಾಯಿತು. ಇನ್ನೂ ಒಂದು ಹನಿ ನೀರು ಕೊಡದ ಅಣೆಕಟ್ಟು ಯೋಜನೆಯ ಹೊರೆಯೂ ಆ ದರದ ಹಿಂದಿತ್ತು. ಜನ ಬೀದಿಗಿಳಿದರು, ಏಪ್ರಿಲ್‌ನಲ್ಲಿ ನೀರು ಸರಬರಾಜಿನ ಖಾಸಗಿ ಗುತ್ತಿಗೆ ರದ್ದಾಯಿತು. ಮುಂದಿನ ಪೀಳಿಗೆ ಬಳಸುವ ಆಸ್ತಿಯ ಖರ್ಚನ್ನು ಇಂದಿನ ಬಡವರಿಂದ ಒಮ್ಮೆಗೇ ಕೇಳುವುದು ತಪ್ಪು. ದುರಸ್ತಿ ಮುಂದೂಡಿ ಅಗ್ಗದ ದರ ಕಾಯ್ದುಕೊಂಡು, ತೂತು ಬಿದ್ದ ಕೊಳವೆಗಳನ್ನು ಮಕ್ಕಳಿಗೆ ಬಿಟ್ಟುಹೋಗುವುದೂ ಅಷ್ಟೇ ತಪ್ಪು. ಅದಕ್ಕೆ ಪ್ರತಿಭಟನೆ ನಡೆಯುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಸೋರಿಕೆಯ ವಿಷಯ ಬಂದದ್ದರಿಂದ ಹೇಳುತ್ತೇನೆ. ಲೆಕ್ಕಕ್ಕೆ ಸಿಗದ ನೀರಿನ ಖರ್ಚನ್ನು ಪ್ರಾಮಾಣಿಕವಾಗಿ ಬಿಲ್ ಕಟ್ಟುವವರೇ ಹೊರುತ್ತಾರೆ. ಕಾಂಬೋಡಿಯಾದ ನಾಮ್ ಪೆನ್ ನಗರದಲ್ಲಿ 1993ರಲ್ಲಿ ಈ ಪ್ರಮಾಣ ಶೇ 72ರಷ್ಟಿತ್ತು. ಅಲ್ಲಿನ ಜಲಸಂಸ್ಥೆಯ ಮುಖ್ಯಸ್ಥ ಎಕ್ ಸೋನ್ ಚಾನ್ ಅವರ ನೇತೃತ್ವದಲ್ಲಿ ಎಲ್ಲ ಸಂಪರ್ಕಗಳಿಗೂ ಮೀಟರ್ ಹಾಕಿ, ಅಕ್ರಮ ಸಂಪರ್ಕಗಳನ್ನು ಕಿತ್ತು, ಸರ್ಕಾರಿ ಕಚೇರಿಗಳಿಂದಲೂ ಬಾಕಿ ವಸೂಲು ಮಾಡಿ, ಮುಂದೆ ಅದನ್ನು ಶೇ 6ರ ಸುತ್ತಮುತ್ತ ತಂದರು. ಸಾರ್ವಜನಿಕ ಕಟ್ಟಡಗಳಿಗೆ ಬಿಲ್ಲೇ ಇಲ್ಲದ ನಗರಗಳು ದರ ಪರಿಷ್ಕರಣೆಗೆ ಮುನ್ನ ಅಲ್ಲಿಂದ ಆರಂಭಿಸಲಿ.

ಉಪನ್ಯಾಸದ ನಂತರ ಸಭಿಕರೊಬ್ಬರು, ದರವನ್ನು ಎಷ್ಟು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಎಂದು ಕೇಳಿದರು. ಪ್ರತಿ ವರ್ಷ, ಸ್ವಲ್ಪಸ್ವಲ್ಪವಾಗಿ ಎಂದು ಉತ್ತರಿಸಿದೆ. ಖರ್ಚು ವರ್ಷಕ್ಕೆ ಶೇ 6ರಂತೆ ಏರುತ್ತಿದೆ ಎಂದುಕೊಳ್ಳಿ. ಹತ್ತು ವರ್ಷ ಸುಮ್ಮನಿದ್ದರೆ ಒಂದೇ ಸಲಕ್ಕೆ ಸುಮಾರು ಶೇ 79ರಷ್ಟು ಏರಿಸಬೇಕಾಗುತ್ತದೆ, ಅದನ್ನು ಯಾವ ಕುಟುಂಬವೂ ತಡೆಯಲಾರದು, ಯಾವ ಸಭೆಯೂ ಒಪ್ಪಲಾರದು. ಪರಿಷ್ಕರಣೆಯ ಪ್ರಸ್ತಾಪದ ಜೊತೆಗೆ ಒಂದು ಪುಟದ ಪಟ್ಟಿಯನ್ನೂ ಪ್ರಕಟಿಸಬೇಕು ಎಂದೂ ಹೇಳಿದೆ: ಪ್ರತಿ ಗ್ರಾಹಕ ವರ್ಗದಿಂದ ಬೀಳುವ ಖರ್ಚು ಒಂದು ಕಾಲಮಿನಲ್ಲಿ, ಆ ವರ್ಗ ಕಟ್ಟುವ ಹಣ ಇನ್ನೊಂದರಲ್ಲಿ, ಎರಡರ ವ್ಯತ್ಯಾಸ ಮೂರನೆಯದರಲ್ಲಿ. ಮನೆ, ಅಂಗಡಿ, ಕಾರ್ಖಾನೆ, ಸರ್ಕಾರಿ ಕಚೇರಿ, ಹಂಚಿಕೊಂಡ ಸಂಪರ್ಕ, ಎಲ್ಲಕ್ಕೂ ಒಂದೊಂದು ಸಾಲು. ಹಂಚಿಕೊಂಡ ಸಂಪರ್ಕದ ಸಾಲಿನಲ್ಲಿ ಮನೆಗಳ ಸಂಖ್ಯೆಯೂ ಇರಲಿ, ಸ್ಲ್ಯಾಬಿನ ಮಿತಿಯನ್ನು ಆ ಸಂಖ್ಯೆಯಿಂದ ಗುಣಿಸಿ ಬಿಲ್ ಮಾಡಲು ಮೀಟರ್ ಓದುವವರ ಪುಸ್ತಕಕ್ಕೆ ಒಂದು ಕಾಲಮು ಸೇರಿಸಿದರೆ ಸಾಕು.